ಕೆಂಪು ನೀರು, ಜನರೇಟರ್ ಸದ್ದು: ಗುಡ್ಡದ ಸೈಟಿನ ಐದು ತಿಂಗಳ ಡೈರಿ

ಮಂಗಳೂರಿನ ಕುಲಶೇಖರದ ಹತ್ತಿರ ಗುಡ್ಡದ ಇಳಿಜಾರಿನಲ್ಲಿ 30 ಸೆಂಟ್ಸ್ ಜಾಗ. ಮೇಲಿನ ರಸ್ತೆಯಿಂದ ಕೆಳಗಿನ ಬೇಲಿವರೆಗೆ ಹತ್ತಿರ ಹತ್ತಿರ 7 ಮೀಟರ್ ಇಳಿತ. ಅಲ್ಲಿ ನಾಲ್ಕು ಮಹಡಿಯ ಅಪಾರ್ಟ್‌ಮೆಂಟ್ ಏಳಬೇಕು. ನಾನು ಸೈಟ್ ಇಂಜಿನಿಯರ್. ಕಟ್ಟಡದ ಕತೆ ಇಲ್ಲಿ ಬರೆಯುತ್ತಿಲ್ಲ. ಮಣ್ಣು, ನೀರು, ಧೂಳು, ಸದ್ದು ನಮ್ಮ ಬೇಲಿ ದಾಟಬಾರದು ಅಂತ ಏನೇನು ಮಾಡಿದೆವು, ಯಾವುದು ಕೈಕೊಟ್ಟಿತು, ಹೇಗೆ ಸರಿ ಮಾಡಿದೆವು, ಅಷ್ಟನ್ನೇ ಬರೆಯುತ್ತೇನೆ. ಕರಾವಳಿಯಲ್ಲಿ ಗುಡ್ಡ ಕಡಿದು ಕಟ್ಟುವವರಿಗೆ ಉಪಯೋಗ ಆಗಲಿ ಅಂತ ಅಳತೆಗಳನ್ನೂ ಹಾಕಿದ್ದೇನೆ.

ನೆರೆಕರೆ ಹೀಗಿದೆ. ಕೆಳಗೆ ಒಂದು ಹಳೆ ಹಂಚಿನ ಮನೆ. ಅದರ ಬಾವಿ ನಮ್ಮ ಬೇಲಿಯಿಂದ 11 ಮೀಟರ್ ದೂರ. ಪೂರ್ವಕ್ಕೆ ಎರಡು ಮಹಡಿಯ ಮನೆ, ಮಾಳಿಗೆಯ ಕಿಟಕಿ ನಮ್ಮ ಕಡೆಗೇ. ಆ ಮನೆಯಲ್ಲಿ ಎಸ್ಸೆಸ್ಸೆಲ್ಸಿ ಓದುವ ಹುಡುಗಿ, ಹಾಸಿಗೆ ಹಿಡಿದ ಅಜ್ಜ. ಪಶ್ಚಿಮಕ್ಕೆ ಒಂದು ತೋಡು, ಅಂದರೆ ಸಣ್ಣ ಹಳ್ಳ.

ಮಾರ್ಚ್: ಮಣ್ಣು ನೋಡಿದ್ದು

ಯಂತ್ರ ಇಳಿಸುವ ಮೊದಲು ಎರಡು ಕಡೆ ಗುಂಡಿ ತೋಡಿಸಿದೆ. ಮೇಲೆ ಎರಡೂವರೆ ಮೀಟರ್ ಮುರಕಲ್ಲು, ಅಂದರೆ ಕೆಂಪು ಜಂಬಿಟ್ಟಿಗೆ ಕಲ್ಲು. ಅದರ ಕೆಳಗೆ ಶೇಡಿ ಮಣ್ಣು. ಬಿಳಿ, ನಡುನಡುವೆ ಗುಲಾಬಿ, ಅಲ್ಲಲ್ಲಿ ಹಳದಿ. ಈ ಊರಲ್ಲಿ ಬಾವಿ ತೋಡಿದವರಿಗೆಲ್ಲ ಈ ಮಣ್ಣು ಗೊತ್ತು. ಒಣಗಿದ್ದಾಗ ಪಿಕಾಸಿಗೂ ಬಗ್ಗುವುದಿಲ್ಲ. ಮುಷ್ಟಿಯಷ್ಟು ದೊಡ್ಡ ಹೆಂಟೆಯೊಂದನ್ನು ತಟ್ಟೆಯಲ್ಲಿಟ್ಟು ನೀರು ಹೊಯ್ದೆ. ಅಂಚಿನಿಂದ ಸಣ್ಣ ಸಣ್ಣ ಗುಳ್ಳೆ ಎದ್ದವು. ಆಮೇಲೆ ಪುಡಿ ಪುಡಿಯಾಗಿ ಉದುರತೊಡಗಿತು. ಹತ್ತು ನಿಮಿಷ ಕಳೆದು ನೋಡಿದರೆ ಹೆಂಟೆ ಇಲ್ಲ, ನೀರುದೋಸೆ ಹಿಟ್ಟಿನ ಹಾಗೆ ತೆಳ್ಳಗಿನ ಕೆಸರು.

ಮೇಲೆ ಗಟ್ಟಿ ಕಲ್ಲು, ಕೆಳಗೆ ನೀರು ಕುಡಿದರೆ ಕರಗುವ ಮಣ್ಣು. ಇಂಥ ಗುಡ್ಡವನ್ನು ಗೋಡೆಯ ಹಾಗೆ ನೇರ ಕಡಿದರೆ ಮಳೆಗಾಲದಲ್ಲಿ ಕೆಳಗಿನದು ಮೊದಲು ಜಾರುತ್ತದೆ, ಮೇಲಿನದು ಅದರ ಹಿಂದೆಯೇ ಬರುತ್ತದೆ. 2019ರ ಆಗಸ್ಟ್‌ನಲ್ಲಿ ಇಲ್ಲೇ ಪಡೀಲ್ ಮತ್ತು ಕುಲಶೇಖರದ ನಡುವೆ ಗುಡ್ಡ ಜರಿದು ಮಣ್ಣು ಹಳಿಗೆ ಬಂದು ರೈಲುಗಳು ದಿನಗಟ್ಟಲೆ ನಿಂತದ್ದು ಈ ಕಡೆಯವರು ಮರೆತಿಲ್ಲ. ಹಾಗಾಗಿ ಒಂದೇ ಕಡಿತದ ಬದಲು ಮೆಟ್ಟಿಲು ಮೆಟ್ಟಿಲಾಗಿ ಕಡಿಯುವುದು ಅಂತ ತೀರ್ಮಾನ ಮಾಡಿದೆವು. ಒಂದೊಂದು ಮೆಟ್ಟಿಲು ಒಂದೂವರೆ ಮೀಟರ್ ಎತ್ತರ, 1.2 ಮೀಟರ್ ಅಗಲ. ಸ್ವಲ್ಪ ಜಾಗ ಹೋಯಿತು. ಮಾಲೀಕರಿಗೆ ಗುಂಡಿಯ ಮಣ್ಣನ್ನೇ ತೋರಿಸಿದೆ, ಒಪ್ಪಿದರು.

ಅವತ್ತೇ ಇನ್ನೊಂದು ಪರೀಕ್ಷೆ ಮಾಡಿದೆ. ಒಂದು ಲೀಟರಿನ ಬಾಟಲಿಗೆ ಹಿಡಿ ಶೇಡಿ ಹಾಕಿ, ಕುಲುಕಿ, ಸೈಟ್ ಆಫೀಸಿನ ಕಿಟಕಿಯಲ್ಲಿಟ್ಟೆ. ಮರಳು ಅರ್ಧ ನಿಮಿಷದಲ್ಲಿ ತಳ ಸೇರಿತು. ಸಂಜೆಗೆ ತಳದಲ್ಲಿ ಇನ್ನೊಂದು ಪದರ ಕೂತಿತ್ತು. ಮೂರನೇ ದಿನವೂ ಮೇಲಿನ ನೀರು ಹಾಲಿನ ಹಾಗೆಯೇ ಇತ್ತು. ಲೆಕ್ಕ ಸರಳ. ಕಣ ಹತ್ತು ಪಟ್ಟು ಸಣ್ಣದಾದರೆ ಕೆಳಗಿಳಿಯುವ ಹೊತ್ತು ನೂರು ಪಟ್ಟು ಜಾಸ್ತಿ. 0.1 ಮಿ.ಮೀ. ಮರಳು ಒಂದು ಮೀಟರ್ ನೀರಿನಲ್ಲಿ ಇಳಿಯಲು ಎರಡು ನಿಮಿಷ ಸಾಕು. 0.01 ಮಿ.ಮೀ. ಕಣಕ್ಕೆ ಮೂರು ಗಂಟೆಯಷ್ಟು ಬೇಕು. 0.001 ಮಿ.ಮೀ. ಜೇಡಿಗೆ ಹನ್ನೆರಡು ದಿನದಷ್ಟು. ಆ ಬಾಟಲಿ ಹೇಳಿದ್ದನ್ನು ನಾನು ಅವತ್ತೇ ಪೂರ್ತಿ ಕೇಳಬೇಕಿತ್ತು.

ಮಾರ್ಚ್ ಕೊನೆ: ಬ್ರೇಕರ್

ಮುರಕಲ್ಲು ಒಡೆಯಲು ಬ್ರೇಕರ್, ಅಂದರೆ ಕಲ್ಲು ಕುಟ್ಟುವ ಉಳಿ ಹಾಕಿದ ಹಿಟಾಚಿ (ಅಗೆಯುವ ಯಂತ್ರ) ಬಂತು. ಮೊದಲ ದಿನ ಮಾಳಿಗೆಯ ಕಿಟಕಿ ಹತ್ತಿರ ಅಳೆದರೆ 84 ಡೆಸಿಬೆಲ್. ನಾನು ಅಳೆದದ್ದು ಫೋನಿನ ಆಪ್‌ನಲ್ಲಿ. ಪರಿಚಯದವರ ಕ್ಯಾಲಿಬ್ರೇಟ್ ಮಾಡಿದ ಮೀಟರಿನ ಪಕ್ಕ ಇಟ್ಟು ನೋಡಿದಾಗ ನನ್ನ ಫೋನ್ 3 ಕಡಿಮೆ ತೋರಿಸುತ್ತಿತ್ತು. ಇಲ್ಲಿ ಕೊಟ್ಟದ್ದೆಲ್ಲ ಆ 3 ಸೇರಿಸಿದ ಅಂಕಿ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ಜನವಸತಿ ಪ್ರದೇಶಕ್ಕೆ ಹಗಲಲ್ಲಿ 55, ರಾತ್ರಿ 45 ಡೆಸಿಬೆಲ್ ಮಿತಿ. ಹಗಲು ಅಂದರೆ ಬೆಳಗ್ಗೆ 6ರಿಂದ ರಾತ್ರಿ 10.

ಪರೀಕ್ಷೆ ಸಮಯ. ಅದೇ ಸಂಜೆ ಆ ಮನೆಗೆ ಹೋದೆ. ಹುಡುಗಿಯ ಅಮ್ಮ ಜಗಳಕ್ಕೆ ಬರಲಿಲ್ಲ. "ಅವಳಿಗೆ ಗಣಿತ ಪರೀಕ್ಷೆ ಯಾವತ್ತು ಅಂತ ಒಂದು ಮಾತು ಕೇಳಬಹುದಿತ್ತಲ್ಲ" ಅಂದರು, ಅಷ್ಟೇ. ನನಗೆ ತುಂಬ ಬೇಸರವಾಯಿತು. ಟೈಮ್‌ಟೇಬಲ್ ಬರೆದುಕೊಂಡು ಬಂದೆ. ಪರೀಕ್ಷೆ ಮುಗಿಯುವವರೆಗೆ ಬ್ರೇಕರ್ ನಿಲ್ಲಿಸಿ ಬೇರೆ ಕೆಲಸ ಎತ್ತಿಕೊಂಡೆವು.

ಆ ಬಿಡುವಿನಲ್ಲಿ ಹಿಟಾಚಿ ಓಡಿಸುವ ಹುಡುಗ ಒಂದು ದಾರಿ ಹೇಳಿದ. ಮುರಕಲ್ಲು ಗಾಳಿಬಿಸಿಲಿಗೆ ಬಿದ್ದಷ್ಟೂ ಗಟ್ಟಿಯಾಗುವ ಕಲ್ಲು. ಪಣೆಯಲ್ಲಿ (ಕಲ್ಲಿನ ಕೋರೆಯಲ್ಲಿ) ಹಸಿಯಾಗಿ ಕಡಿದು ತೆಗೆಯಲು ಸುಲಭ ಆಗುವುದು ಅದಕ್ಕೇ. ಅಂದರೆ ಬ್ರೇಕರ್ ಬೇಕಾದದ್ದು ಮೇಲಿನ ಚಿಪ್ಪಿಗೆ ಮಾತ್ರ ಅಲ್ವಾ? ಪರೀಕ್ಷೆ ಮುಗಿದ ಮೇಲೆ ಬ್ರೇಕರಿನಲ್ಲಿ ಮೇಲಿನ ಮುಕ್ಕಾಲು ಮೀಟರ್ ಒಡೆದೆವು. ಅದರ ಕೆಳಗೆ ಬ್ರೇಕರ್ ಬಿಚ್ಚಿ ರಿಪ್ಪರ್, ಅಂದರೆ ಒಂದೇ ದಪ್ಪ ಹಲ್ಲಿನ ಕೊಕ್ಕೆ ಹಾಕಿದೆವು. ಕಲ್ಲು ಪದರ ಪದರವಾಗಿ ಎದ್ದು ಬಂತು. ಒಂಬತ್ತು ದಿನ ಬ್ರೇಕರ್ ಅಂತ ಲೆಕ್ಕ ಹಾಕಿದ್ದು ಮೂರೇ ದಿನಕ್ಕೆ ಮುಗಿಯಿತು. ಉಳಿದ ದಿನ ಕಿಟಕಿಯಲ್ಲಿ 70ರ ಒಳಗೆ. 55 ಅಲ್ಲ, ಗೊತ್ತು. ಆದರೆ ಟಕಟಕ ಬಡಿತ ನಿಂತಿತು. ಮನುಷ್ಯನ ತಲೆಗೆ ಹೆಚ್ಚು ನೋವು ಕೊಡುವುದು ಆ ಬಡಿತವೇ.

ಇನ್ನೊಂದು ವಿಷಯ ಇಲ್ಲಿ ಹೇಳಬೇಕು. ಒಂದೇ ಮಟ್ಟದ ಸದ್ದಿನ ಎರಡು ಯಂತ್ರ ಒಟ್ಟಿಗೆ ಓಡಿದರೆ ಸದ್ದು ದುಪ್ಪಟ್ಟು ಕೇಳುವುದಿಲ್ಲ, 3 ಡೆಸಿಬೆಲ್ ಮಾತ್ರ ಏರುತ್ತದೆ. ಹಾಗಾಗಿ ಸದ್ದಿನ ಕೆಲಸಗಳನ್ನು ದಿನವಿಡೀ ಹರಡುವ ಬದಲು ಒಟ್ಟಿಗೆ ಮಾಡಿ ಮುಗಿಸಿದೆವು. ಬೆಳಗ್ಗೆ ಒಂಬತ್ತೂವರೆಯಿಂದ ಹನ್ನೆರಡೂವರೆ. ಮಧ್ಯಾಹ್ನ ಅಜ್ಜ ಮಲಗುವ ಹೊತ್ತು ಬಿಟ್ಟು ಮೂರರಿಂದ ಐದು. ಈ ಸಮಯವನ್ನು ಗೇಟಿನ ಮೇಲೆ ಬರೆದು ಹಾಕಿದೆವು. ಬರೆದ ಮೇಲೆ ಒಂದು ದಿನವೂ ತಪ್ಪಿಸಲಿಲ್ಲ.

ಬ್ರೇಕರ್ ಶುರುವಾಗುವ ಮೊದಲೇ ಕೆಳಗಿನ ಹಂಚಿನ ಮನೆಯ ಗೋಡೆಯಲ್ಲಿದ್ದ ಬಿರುಕುಗಳ ಫೋಟೊ ತೆಗೆದಿಟ್ಟಿದ್ದೆ. ಮೂರು ಬಿರುಕಿಗೆ ಅಡ್ಡವಾಗಿ ಪ್ಲಾಸ್ಟರ್ ಆಫ್ ಪ್ಯಾರಿಸ್ ಪಟ್ಟಿ ಹಾಕಿ ತಾರೀಕು ಬರೆದೆ. ಗೋಡೆ ಅಲುಗಿದರೆ ಪಟ್ಟಿ ಮೊದಲು ಬಿರಿಯುತ್ತದೆ. ಮೂರೂ ಹಾಗೆಯೇ ಇವೆ. ಮನೆಯವರಿಗೂ ಸಮಾಧಾನ, ನನಗೂ ಸಮಾಧಾನ.

ಏಪ್ರಿಲ್: ಜನರೇಟರ್

ಇಡೀ ಸೈಟಿನಲ್ಲಿ ಹೆಚ್ಚು ಸಮಯ ತೆಗೆದುಕೊಂಡ ಕೆಲಸ ಇದು.

ತಾತ್ಕಾಲಿಕ ತ್ರೀ ಫೇಸ್ ಕರೆಂಟ್ ಬರಲು ತಡವಾಯಿತು. 25 ಕೆವಿಎ ಜನರೇಟರ್ ಬಾಡಿಗೆಗೆ ತಂದೆವು. ಅದಕ್ಕೆ ಸೈಲೆಂಟ್ ಡಬ್ಬಿ ಇತ್ತು. ನಿಯಮದ ಪ್ರಕಾರ ಡಬ್ಬಿಯಿಂದ ಒಂದು ಮೀಟರ್ ದೂರದಲ್ಲಿ 75 ಡೆಸಿಬೆಲ್ ದಾಟಬಾರದು. ಇದು 88 ಇತ್ತು. ಬಾಗಿಲು ತೆಗೆದು ನೋಡಿದರೆ ಕಾರಣ ಕಣ್ಣೆದುರೇ. ಬಾಗಿಲಿನ ಸುತ್ತದ ರಬ್ಬರ್ ಪಟ್ಟಿ ಅರ್ಧ ಕಿತ್ತು ಹೋಗಿತ್ತು. ಒಳಗಿನ ರಾಕ್‌ವೂಲ್ (ಸದ್ದು ಹೀರುವ ಕಲ್ಲುನಾರಿನ ಹಾಸು) ನೀರು ಹಿಡಿದು ಭಾರವಾಗಿ ತಳಕ್ಕೆ ಕುಸಿದಿತ್ತು. ಮೇಲಿನ ಅರ್ಧ ಬರೀ ತಗಡು.

ನನ್ನ ಮೊದಲ ಯೋಚನೆ ಎಲ್ಲರೂ ಮಾಡುವುದೇ: ಬೇಲಿಗೆ ಎತ್ತರದ ತಗಡು ಶೀಟ್ ಹಾಕಿಬಿಡೋಣ ಅಂತ. ಶೀಟ್ ಆಗಲೇ ಇತ್ತು. ಆದರೂ ಕಿಟಕಿಯಲ್ಲಿ 65. ತಗಡು ಶೀಟ್ ಒಂದು ಚದರ ಮೀಟರಿಗೆ ನಾಲ್ಕೈದು ಕಿಲೋ ಅಷ್ಟೇ ತೂಗುತ್ತದೆ. ಸದ್ದು ತಡೆಯುವ ಗೋಡೆಗೆ ಕಡಿಮೆ ಅಂದರೂ 10 ಕಿಲೋ ಬೇಕು. ಜೊತೆಗೆ ಶೀಟಿನ ಬುಡದಲ್ಲಿ ಒಂದು ಗೇಣು ಸಂದು. ಎಲ್ಲಕ್ಕಿಂತ ಮುಖ್ಯ, ಕಿಟಕಿ ಮಾಳಿಗೆಯಲ್ಲಿದೆ. ಅಲ್ಲಿ ನಿಂತರೆ ಶೀಟಿನ ಮೇಲಿಂದ ಜನರೇಟರ್ ಪೂರ್ತಿ ಕಾಣುತ್ತದೆ. ಕಣ್ಣಿಗೆ ಕಂಡರೆ ಕಿವಿಗೂ ಕೇಳುತ್ತದೆ. ಬೇಲಿಯಲ್ಲಿ ಅದನ್ನು ಮರೆ ಮಾಡಲು ಆರು ಮೀಟರ್ ಗೋಡೆ ಬೇಕಾಗುತ್ತಿತ್ತು. ಜನರೇಟರಿನ ಪಕ್ಕದಲ್ಲೇ ಕಟ್ಟಿದರೆ ಎರಡೂವರೆ ಮೀಟರ್ ಸಾಕು.

ಮೊದಲು ಡಬ್ಬಿಯನ್ನೇ ರಿಪೇರಿ ಮಾಡಿದೆವು. ಹೊಸ ರಬ್ಬರ್ ಬೀಡಿಂಗ್. ಹಳೆ ರಾಕ್‌ವೂಲ್ ಕಿತ್ತು ಎರಡು ಇಂಚಿನ ಹೊಸ ಸ್ಲ್ಯಾಬ್, ಅದು ಮತ್ತೆ ಕುಸಿಯದ ಹಾಗೆ ಮೇಲೆ ತೂತಿನ ತಗಡು. ಕಾಲುಗಳ ಕೆಳಗೆ ರಬ್ಬರ್ ಪ್ಯಾಡ್. ಒಂದು ದಿನದ ಕೆಲಸ. 88 ಇದ್ದದ್ದು 81ಕ್ಕೆ ಇಳಿಯಿತು. ಕಿಟಕಿಯಲ್ಲಿ 58.

ಆಮೇಲೆ ಗೋಡೆ. ಕಾಂಪೌಂಡಿಗೆ ಅಂತ ತರಿಸಿದ್ದ ಮುರಕಲ್ಲು ರಾಶಿ ಬಿದ್ದಿತ್ತು. ಅದನ್ನೇ ಸಿಮೆಂಟ್ ಇಲ್ಲದೆ, ಇಂಗ್ಲಿಷಿನ ಯು ಆಕಾರದಲ್ಲಿ, ಒಂಬತ್ತು ಇಂಚು ದಪ್ಪಕ್ಕೆ ಜೋಡಿಸಿದೆವು. ಬೀಳದ ಹಾಗೆ ಮೂಲೆಗಳಲ್ಲಿ ಕಲ್ಲನ್ನು ಒಂದಕ್ಕೊಂದು ಕಚ್ಚಿಸಿ, ಹೊರಗಿನಿಂದ ಊರೆ ಕೊಟ್ಟೆವು. ಕೆಲಸ ಮುಗಿದ ಮೇಲೆ ಅದೇ ಕಲ್ಲು ಕಾಂಪೌಂಡಿಗೆ ಹೋಗುತ್ತದೆ, ಏನೂ ಹಾಳಿಲ್ಲ. ಜೋಡಿಸಿ ಅಳೆದರೆ ಕಿಟಕಿಯಲ್ಲಿ 56. ಇಷ್ಟು ಭಾರದ ಗೋಡೆಗೆ ಎರಡೇ ಡೆಸಿಬೆಲ್! ಮೇಸ್ತ್ರಿ ಟಾರ್ಚ್ ಹಿಡಿದು ಆ ಕಡೆ ಹೋದರು. ಕಲ್ಲಿನ ಸಂದಿಯಲ್ಲೆಲ್ಲ ಬೆಳಕು ಬರುತ್ತಿತ್ತು. ಬೆಳಕು ಬರುವಲ್ಲೆಲ್ಲ ಸದ್ದೂ ಬರುತ್ತದೆ. ಕೆಂಪು ಮಣ್ಣು ಕಲಸಿ ಎರಡೂ ಕಡೆ ಸಂದಿಗೆ ಮೆತ್ತಿಸಿದೆವು. 50 ಆಯಿತು.

ಮರುದಿನ ನಲವತ್ತು ನಿಮಿಷ ಓಡಿ ಜನರೇಟರ್ ತಾನಾಗಿ ನಿಂತಿತು. ಬಿಸಿ ಹೆಚ್ಚಾಗಿ ಟ್ರಿಪ್. ರೇಡಿಯೇಟರ್ ಮುಂದೆ ಎರಡೇ ಅಡಿಯಲ್ಲಿ ಗೋಡೆ ಕಟ್ಟಿದ್ದೆವು. ಬಿಸಿ ಗಾಳಿ ಗೋಡೆಗೆ ಬಡಿದು ತಿರುಗಿ ಒಳಗೇ ಹೋಗುತ್ತಿತ್ತು. ಇದು ನನ್ನ ತಪ್ಪು, ಗಾಳಿಯ ದಾರಿಯನ್ನು ಮೊದಲು ಬರೆದುಕೊಳ್ಳಬೇಕಿತ್ತು. ಆ ಬದಿಯ ಗೋಡೆಯನ್ನು ಒಂದೂವರೆ ಮೀಟರ್ ಹಿಂದಕ್ಕೆ ಸರಿಸಿದೆವು. ರೇಡಿಯೇಟರಿನಿಂದ ಮೇಲಕ್ಕೆ ತಗಡಿನ ಡಕ್ಟ್ ಮಾಡಿ ಬಿಸಿ ಗಾಳಿಯನ್ನು ಆಕಾಶಕ್ಕೆ ಬಿಟ್ಟೆವು. ಡಕ್ಟಿನ ಒಳಗೂ ರಾಕ್‌ವೂಲ್. ತಂಪು ಗಾಳಿ ಎದುರು ಬದಿಯಿಂದ, ಒಂದು ತಿರುವು ದಾಟಿ ಬರುವ ಹಾಗೆ ಇಟ್ಟೆವು. ಒಬ್ಬರು ರಾಕ್‌ವೂಲ್ ಬದಲು ತೆಂಗಿನ ನಾರಿನ ಚಾಪೆ ಹಾಕೋಣ, ಅಗ್ಗ ಅಂದರು. ಸೈಲೆನ್ಸರ್ ಹತ್ತಿರ ನಾರು ಬೇಡವೇ ಬೇಡ, ಬೆಂಕಿ ಹಿಡಿಯುತ್ತದೆ. ಈಗ ದಿನವಿಡೀ ಓಡಿದರೂ ಬಿಸಿ ಏರುವುದಿಲ್ಲ. ಕಿಟಕಿಯಲ್ಲಿ 51. ಸಂಜೆ ಏಳರ ನಂತರ ಹಾಕುವುದೇ ಇಲ್ಲ. ಮೇ ತಿಂಗಳಲ್ಲಿ ಕರೆಂಟ್ ಬಂದ ಮೇಲೆ ಕರೆಂಟ್ ಹೋದಾಗ ಮಾತ್ರ.

ಕೆಳಗೆ ಡೀಸೆಲ್ ಸೋರುವ ಕಡೆ ತಗಡಿನ ತಟ್ಟೆ ಇಟ್ಟಿದ್ದೇವೆ. ಬಾವಿ ಹತ್ತಿರ ಇರುವಾಗ ಇದರಲ್ಲಿ ಉದಾಸೀನ ಮಾಡಬಾರದು.

ಕಂಬಿ ಕತ್ತರಿಸಲು ಗ್ರೈಂಡರ್ ಬಿಟ್ಟು ಕತ್ತರಿ ಹಾಗೆ ಕಡಿಯುವ ಬಾರ್ ಕಟಿಂಗ್ ಮೆಷಿನ್ ತಂದೆವು. ಕಿರುಚುವ ಸದ್ದೇ ಇಲ್ಲ, ಕಿಡಿಯೂ ಇಲ್ಲ. ಟಿಪ್ಪರ್‌ಗಳಿಗೆ ಒಂದು ಗೇಟಿನಲ್ಲಿ ಬಂದು ಇನ್ನೊಂದರಲ್ಲಿ ಹೋಗುವ ದಾರಿ ಮಾಡಿದೆವು. ರಿವರ್ಸ್ ಹಾರ್ನ್ ಹಾಗೆ ನಿಂತಿತು.

ಧೂಳು

ಇದು ಬೇಗ ಮುಗಿಯುತ್ತದೆ. ನಮ್ಮ ಊರಲ್ಲಿ ಮಧ್ಯಾಹ್ನದ ಮೇಲೆ ಕಡಲ ಗಾಳಿ ಪಶ್ಚಿಮದಿಂದ ಬೀಸುತ್ತದೆ. ಎಂ ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು) ರಾಶಿ ಪಶ್ಚಿಮಕ್ಕಿತ್ತು, ಧೂಳೆಲ್ಲ ಪೂರ್ವದ ಮನೆಯ ಒಣಗಿಸಿದ ಬಟ್ಟೆಗೆ. ರಾಶಿಯನ್ನು ಕಡಿದ ಗುಡ್ಡದ ಮರೆಗೆ ಸರಿಸಿ ಟಾರ್ಪಾಲ್ ಹೊದಿಸಿದೆವು. ದಾರಿಗೆ ದಿನಕ್ಕೆ ಮೂರು ಸಲ ನೀರು. ಗೇಟಿನ ಒಳಗೆ 15 ಮೀಟರ್ ಉದ್ದಕ್ಕೆ ಎರಡೂವರೆ ಇಂಚಿನ ದಪ್ಪ ಜಲ್ಲಿ ಹಾಸಿದೆವು, ಟಯರಿನ ಮಣ್ಣು ಅಲ್ಲೇ ಉದುರಲಿ ಅಂತ. ಕಲ್ಲು ಕತ್ತರಿಸುವಾಗ ನೀರು ಹಾಕಿಯೇ ಕತ್ತರಿಸುವುದು. ಆ ಧೂಳು ಕೆಲಸದವರ ಶ್ವಾಸಕೋಶದಲ್ಲಿ ಕೂತರೆ ಮತ್ತೆ ಹೊರಗೆ ಬರುವುದಿಲ್ಲ.

ಮೇ: ಪತ್ತನಾಜೆಯ ಮೊದಲು

ತುಳುವರ ಬೇಶ ತಿಂಗಳ ಹತ್ತನೇ ದಿನ ಪತ್ತನಾಜೆ. ಮೇ 24ರ ಹೊತ್ತಿಗೆ ಬರುತ್ತದೆ. ಅವತ್ತು ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುತ್ತವೆ, ದೈವಗಳ ಕೋಲ ನೇಮ ನಿಲ್ಲುತ್ತವೆ. ಮಳೆಗಾಲದ ತಯಾರಿ ಅಷ್ಟರೊಳಗೆ ಮುಗಿದಿರಬೇಕು ಅನ್ನುವುದು ಊರಿನ ಲೆಕ್ಕ. ನಾವೂ ಅದನ್ನೇ ಗಡುವು ಇಟ್ಟುಕೊಂಡೆವು.

ಕೆಳ ಮೂಲೆಯಲ್ಲಿ ಮಣ್ಣು ತಂಗುವ ಹೊಂಡ ತೋಡಿದೆವು. 8 ಮೀಟರ್ ಉದ್ದ, 3 ಮೀಟರ್ ಅಗಲ, 1.2 ಮೀಟರ್ ಆಳ. ನೀರು ಒಂದು ತುದಿಯಲ್ಲಿ ಒಳಗೆ, ಇನ್ನೊಂದು ತುದಿಯಲ್ಲಿ ಮೇಲ್ಮಟ್ಟದಿಂದ ಹೊರಗೆ. ಹಿಡಿಸುವುದು 28,800 ಲೀಟರ್. ಬೇಲಿಯ ಉದ್ದಕ್ಕೆ, ನೀರು ಬಿಟ್ಟು ಮಣ್ಣು ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆಯ ಕೆಸರು ಬೇಲಿ.

ಹೊಂಡದ ಲೆಕ್ಕ ಹೀಗೆ. ಒಂದು ಚದರ ಮೀಟರ್ ಮೇಲೆ ಒಂದು ಮಿ.ಮೀ. ಮಳೆ ಅಂದರೆ ಒಂದು ಲೀಟರ್. 30 ಸೆಂಟ್ಸ್ ಅಂದರೆ 1,214 ಚದರ ಮೀಟರ್. ಗಂಟೆಗೆ 50 ಮಿ.ಮೀ. ಸುರಿದು ಅದರಲ್ಲಿ ನೂರಕ್ಕೆ ಎಪ್ಪತ್ತು ಹರಿದರೆ 42,500 ಲೀಟರ್. ಹೊಂಡ ನಲವತ್ತು ನಿಮಿಷಕ್ಕೆ ತುಂಬುತ್ತದೆ. ಅಷ್ಟು ಹೊತ್ತಲ್ಲಿ ಮರಳು ತಂಗುತ್ತದೆ, ಸಾಕು ಅಂದುಕೊಂಡೆ. ಕಿಟಕಿಯಲ್ಲಿದ್ದ ಬಾಟಲಿ ಇನ್ನೂ ಬೆಳ್ಳಗೇ ಇತ್ತು.

ಮಳೆ ಪತ್ತನಾಜೆಗೆ ಕಾಯಲಿಲ್ಲ. ಐದು ದಿನ ಮೊದಲೇ ಬಂತು, ರಾತ್ರಿ ಹನ್ನೊಂದಕ್ಕೆ, ಗುಡುಗಿನ ಜೊತೆ. 2018ರ ಮೇ 29ರಂದು ಮಂಗಳೂರು ಮುಳುಗಿದ್ದನ್ನು ನೋಡಿದವನು ನಾನು, ಮೇ ತಿಂಗಳನ್ನು ನಂಬಬಾರದು ಅಂತ ಗೊತ್ತಿರಬೇಕಿತ್ತು. ಬೆಳಗ್ಗೆ ಆರಕ್ಕೆ ಸೈಟಿಗೆ ಹೋದರೆ ಹೊಂಡ ತುಂಬಿ ಹರಿದಿತ್ತು. ಕೆಸರು ಬೇಲಿ ನಿಂತೇ ಇತ್ತು, ನೀರು ಅದರ ಬುಡದಿಂದ ನುಸುಳಿತ್ತು. ಮುರಕಲ್ಲು ಇದ್ದ ಕಡೆ ಬಟ್ಟೆಯ ಬುಡವನ್ನು ಹೂಳಿರಲಿಲ್ಲ, ಬರೀ ಕಲ್ಲು ಹೇರಿದ್ದರು.

ಕೆಳಗಿನ ಮನೆಯ ಅಮ್ಮ ಅಂಗಳದಲ್ಲಿ ನಿಂತಿದ್ದರು. "ಇಂಜಿನಿಯರ್ರೇ, ಒಮ್ಮೆ ಬನ್ನಿ" ಅಂದರು. ಕೊಡಪಾನ ಇಳಿಸಿ ನೀರು ಸೇದಿ ನನ್ನ ಮುಂದೆ ಇಟ್ಟರು. ಹಾಲು ಹಾಕಿದ ಚಹಾದ ಬಣ್ಣ. ಮೇಲೆ ಒಂದು ಒಣ ಎಲೆ ತೇಲುತ್ತಿತ್ತು, ಕೊಡಪಾನದ ತಳ ಕಾಣುತ್ತಿರಲಿಲ್ಲ.

"ನಾನು ಈ ಮನೆಗೆ ಬಂದು ನಲವತ್ತು ವರ್ಷ ಆಯ್ತು. ಎಂಥ ಮಳೆಗೂ ಹೀಗೆ ಆದದ್ದಿಲ್ಲ ಮಾರಾಯ್ರೆ."

"ತಪ್ಪು ನಮ್ಮದೇ ಅಮ್ಮ. ಸರಿ ಮಾಡಿ ಕೊಡುತ್ತೇವೆ. ಅಲ್ಲಿವರೆಗೆ ಈ ನೀರು ಕುಡಿಯಬೇಡಿ."

ಅಂದೇ ಅವರ ಮನೆಗೆ ಪೈಪಿನಲ್ಲಿ ನೀರು ಕೊಟ್ಟೆವು. ಬಾವಿಗೆ ಪಂಪ್ ಇಳಿಸಿ ಮೂರು ಸಲ ಖಾಲಿ ಮಾಡಿಸಿದೆವು, ತಳದ ಕೆಸರು ಎತ್ತಿಸಿದೆವು. ಬ್ಲೀಚಿಂಗ್ ಪೌಡರ್ ಹಾಕಿದ್ದು ಆಮೇಲೆ. ಕೆಸರು ನೀರಿಗೆ ಹಾಕಿದರೆ ಅದು ಕೆಲಸ ಮಾಡುವುದಿಲ್ಲ. 1,000 ಲೀಟರಿಗೆ 2.5 ಗ್ರಾಂ ಲೆಕ್ಕ. ಎರಡು ಮೀಟರ್ ಅಗಲದ ಬಾವಿಯಲ್ಲಿ ಮೂರು ಮೀಟರ್ ನೀರು ಅಂದರೆ ಹತ್ತಿರ ಹತ್ತಿರ 9,400 ಲೀಟರ್, ಅದಕ್ಕೆ 24 ಗ್ರಾಂ. ಬಕೆಟಿನಲ್ಲಿ ಕಲಸಿ, ತಿಳಿ ಮಾತ್ರ ಬಾವಿಗೆ. ಒಂದು ರಾತ್ರಿ ಬಿಟ್ಟೆವು. ಲ್ಯಾಬ್ ವರದಿ ಸರಿ ಬಂದ ಮೇಲೆಯೇ ಕುಡಿಯಬಹುದು ಅಂತ ಹೇಳಿದೆ. ಬಾವಿಕಟ್ಟೆಯ ಹೊರಗೆ ಒಂದೂವರೆ ಅಡಿ ಎತ್ತರದ ಏರಿ ಕಟ್ಟಿ, ಅಂಗಳದ ನೀರು ಬೇರೆ ಕಡೆ ಹೋಗುವ ಹಾಗೆ ಮಾಡಿದೆವು.

ಮೇ ಕೊನೆ, ಜೂನ್: ಮಡಲು (ತೆಂಗಿನ ಗರಿ)

ಹೊಂಡವನ್ನು ದುಪ್ಪಟ್ಟು ಮಾಡೋಣ ಅಂತ ನಾನು ಅಳತೆ ಹಾಕುತ್ತಿದ್ದೆ. ಮೇಸ್ತ್ರಿ ಬಂದು ನಿಂತರು. ಪುತ್ತೂರು ಕಡೆಯವರು, ಅರವತ್ತರ ಮೇಲಾಗಿದೆ.

"ಸಾರ್, ನೀರು ಕೆಂಪಾದ ಮೇಲೆ ಹಿಡಿದು ಎಂತ ಮಾಡುವುದು? ಮಣ್ಣಿಗೆ ಮಳೆ ತಾಗಬಾರದು. ನಮ್ಮಲ್ಲಿ ಮಣ್ಣಿನ ಗೋಡೆಗೆ ಮಳೆಗಾಲದಲ್ಲಿ ಮಡಲು ಕಟ್ಟುತ್ತಿದ್ದರಲ್ಲ, ಹಾಗೆ."

ಬಾಟಲಿಯೂ ಮಾರ್ಚಿನಿಂದ ಅದನ್ನೇ ಹೇಳುತ್ತಿತ್ತು. ಜೇಡಿ ನೀರಿಗೆ ಸೇರಿದ ಮೇಲೆ ಯಾವ ಹೊಂಡಕ್ಕೂ ಸಿಗುವುದಿಲ್ಲ. ಜನರೇಟರಿನಲ್ಲಿ ಬೇಲಿ ಬಿಟ್ಟು ಬುಡಕ್ಕೆ ಹೋದವನು ಮಣ್ಣಿನಲ್ಲಿ ಬೇಲಿಯಲ್ಲೇ ಕೂತಿದ್ದೆ.

ಮೊದಲು ಮೇಲಿನ ನೀರು ಬಿಡಿಸಿದೆವು. ರಸ್ತೆಯಿಂದ ಇಳಿಯುವ ನೀರು ನಮ್ಮ ಕಡಿತದ ಮೇಲೆಯೇ ಹರಿಯುತ್ತಿತ್ತು, ಅದು ನನ್ನ ಲೆಕ್ಕದಲ್ಲೇ ಇರಲಿಲ್ಲ. ಮೇಲಂಚಿನಲ್ಲಿ ಕಣಿ ತೋಡಿ, ಅರ್ಧ ಪೈಪ್ ಹಾಸಿ, ಆ ತಿಳಿ ನೀರನ್ನು ನೇರ ತೋಡಿಗೆ ಬಿಟ್ಟೆವು. ತೋಡಿಗೆ ಬೀಳುವ ಕಡೆ ದಪ್ಪ ಕಲ್ಲು ಜೋಡಿಸಿದೆವು, ದಂಡೆ ಕೊರೆಯಬಾರದಲ್ಲ.

ಆಮೇಲೆ ಹೊದಿಕೆ. ಕಡಿದ ಮೆಟ್ಟಿಲುಗಳ ಮೇಲೆ ತೆಂಗಿನ ನಾರಿನ ಬಲೆ ಹಾಸಿದೆವು. ಮೇಲಂಚನ್ನು ಒಂದು ಅಡಿ ಆಳದ ಕಣಿಯಲ್ಲಿ ಹೂಳಿ ಮಣ್ಣು ದಮ್ಮಸು ಮಾಡಿದೆವು. ಇದನ್ನು ಬಿಟ್ಟರೆ ನೀರು ಬಲೆಯ ಅಡಿಗೆ ಹೋಗುತ್ತದೆ, ಹಾಕಿಯೂ ಪ್ರಯೋಜನ ಇಲ್ಲ. ಹಂಚು ಹೊದಿಸಿದ ಹಾಗೆ ಮೇಲಿನ ಬಲೆ ಕೆಳಗಿನದರ ಮೇಲೆ ಅರ್ಧ ಅಡಿ ಬರಬೇಕು. ಮೀಟರಿಗೊಂದು ಬಿದಿರಿನ ಗೂಟ. ಬಲೆಯ ಕಣ್ಣು ದೊಡ್ಡದು, ಹನಿ ನೇರ ಮಣ್ಣಿಗೆ ಬಡಿಯುತ್ತದೆ. ಅದಕ್ಕೆ ಬಲೆಯ ಮೇಲೆ ಮಡಲು ಹಾಸಿ ಹಗ್ಗದಲ್ಲಿ ಬಿಗಿದೆವು. ಅಕ್ಕಪಕ್ಕದ ತೋಟಗಳಿಂದ ಎರಡು ಪಿಕಪ್ ಮಡಲು ಬಂತು. ಕೆಳಗಿನ ಮನೆಯ ಅಮ್ಮನೂ ತಮ್ಮ ಹಿತ್ತಲಿನ ಮಡಲು ಕೊಟ್ಟರು. ಮೆಟ್ಟಿಲಿನ ಅಂಚಿಗೆ ಅರ್ಧರ್ಧ ಅಡಿಗೆ ಲಾವಂಚದ ಸಸಿ ನೆಟ್ಟೆವು, ಮಡಲು ಕೊಳೆಯುವ ಹೊತ್ತಿಗೆ ಅದರ ಬೇರು ಹಿಡಿಯಲಿ ಅಂತ. ಟಾರ್ಪಾಲ್ ಬರೀ ರಾಶಿಗಳಿಗೆ. ಇಳಿಜಾರಿಗೆ ಟಾರ್ಪಾಲ್ ಹಾಕಿದರೆ ನೀರು ಜಾರುಬಂಡಿಯಲ್ಲಿ ಬಂದ ಹಾಗೆ ಬಂದು ಕೆಳಗೆ ಕೊರೆಯುತ್ತದೆ.

ಕೆಸರು ಬೇಲಿಯನ್ನೂ ಬಿಚ್ಚಿ ಕಟ್ಟಿದೆವು. ಬುಡ ಅರ್ಧ ಅಡಿ ಹೂಳಲೇಬೇಕು. ಕಲ್ಲಿದ್ದ ಕಡೆ ಕಲ್ಲನ್ನೇ ಕಡಿಸಿದೆ.

ಈಗ ತೆರೆದ ಮಣ್ಣು ಉಳಿದದ್ದು 500 ಚದರ ಮೀಟರ್. ಅದೇ ಮಳೆಗೆ 17,500 ಲೀಟರ್. ಅದೇ ಹೊಂಡ ತುಂಬಲು ಒಂದೂವರೆ ಗಂಟೆಯ ಮೇಲೆ ಬೇಕು. ಹೊಂಡ ದೊಡ್ಡದು ಮಾಡುವ ಅಗತ್ಯವೇ ಬೀಳಲಿಲ್ಲ.

ಉಳಿದ ಬಿಳುಪಿಗೆ ಪಟಿಕ. ಸುಮ್ನೆ ಎಸೆಯುವುದಲ್ಲ, ಮೊದಲು ಬಾಟಲಿಯಲ್ಲಿ ನೋಡಬೇಕು. ಒಂದು ಲೀಟರ್ ನೀರಿನಲ್ಲಿ 10 ಗ್ರಾಂ ಪಟಿಕ ಕರಗಿಸಿದರೆ ಆ ದ್ರಾವಣದ ಪ್ರತಿ ಮಿ.ಲೀ.ಯಲ್ಲಿ 10 ಮಿ.ಗ್ರಾಂ. ಹೊಂಡದ ನೀರು ತುಂಬಿದ ಒಂದು ಲೀಟರಿನ ನಾಲ್ಕು ಬಾಟಲಿಗಳಿಗೆ ಕ್ರಮವಾಗಿ 2, 4, 6, 8 ಮಿ.ಲೀ. ಹಾಕಿ ಕುಲುಕಿಟ್ಟೆ. ಎರಡನೆಯದರಲ್ಲಿ ಕಾಲು ಗಂಟೆಗೆ ಹತ್ತಿಯ ಹಾಗೆ ಗಂಟು ಕಟ್ಟಿ ಇಳಿಯತೊಡಗಿತು. ಮುಂದಿನವುಗಳಲ್ಲಿ ಅದಕ್ಕಿಂತ ಚೆನ್ನಾಗೇನೂ ಆಗಲಿಲ್ಲ. ಅಂದರೆ ಲೀಟರಿಗೆ 40 ಮಿ.ಗ್ರಾಂ., ತುಂಬಿದ ಹೊಂಡಕ್ಕೆ 1.15 ಕಿಲೋ. ಜಾಸ್ತಿ ಹಾಕಿದರೆ ನೀರು ಹುಳಿಯಾಗುತ್ತದೆ, ತೋಡಿನ ಮೀನಿಗೆ ಕೆಡುಕು. ಪಿಎಚ್ ಪಟ್ಟಿ ಅದ್ದಿ ನೋಡಿ, 6.5ಕ್ಕಿಂತ ಕೆಳಗಿದ್ದರೆ ಸ್ವಲ್ಪ ಸುಣ್ಣದ ನೀರು ಸೇರಿಸಿಯೇ ಬಿಡುತ್ತೇವೆ.

ಕಾಂಕ್ರೀಟ್ ತೊಳೆದ ನೀರು ಇದರ ತದ್ವಿರುದ್ಧ, ಪಿಎಚ್ 12ರ ಹತ್ತಿರ. ಅದಕ್ಕೆ ಟಾರ್ಪಾಲ್ ಹಾಸಿದ ಬೇರೆಯೇ ಗುಂಡಿ. ರೆಡಿಮಿಕ್ಸ್ ಗಾಡಿಯವರು ಬೇರೆ ಕಡೆ ಚ್ಯೂಟ್ (ಕಾಂಕ್ರೀಟ್ ಸುರಿಯುವ ದೋಣಿ) ತೊಳೆಯಲು ನಾನು ಬಿಡುವುದಿಲ್ಲ.

ಜುಲೈ: ಸೊಳ್ಳೆ

ಮಣ್ಣಿಗೆ ಅಂತ ಮಾಡಿದ ಹೊಂಡ ಸೊಳ್ಳೆಗೆ ಮನೆಯಾಗಬಾರದು. ಮಂಗಳೂರಿನಲ್ಲಿ ಮಲೇರಿಯಾ ಮತ್ತು ಕಟ್ಟಡದ ಸೈಟುಗಳ ನಂಟು ಎಲ್ಲರಿಗೂ ಗೊತ್ತಿರುವುದೇ. ಸೈಟಿನ ತಿಳಿ ನೀರಲ್ಲಿ ಬೆಳೆಯುವ ಅನಾಫಿಲಿಸ್ ಸ್ಟೀಫೆನ್ಸಿ ಸೊಳ್ಳೆ ಇಲ್ಲಿ ಮುಖ್ಯ ಕಾರಣ. ಮೊಟ್ಟೆಯಿಂದ ಸೊಳ್ಳೆ ಏಳಲು ವಾರ, ಹತ್ತು ದಿನ. ಹಾಗಾಗಿ ಮಳೆ ಬಿಟ್ಟ ಮೂರನೇ ದಿನ ಹೊಂಡದ ತಿಳಿ ನೀರು ಖಾಲಿಯಾಗಲೇಬೇಕು. ಸ್ಲ್ಯಾಬ್ ಕ್ಯೂರಿಂಗಿಗೆ ಕಟ್ಟೆ ಕಟ್ಟಿ ನೀರು ನಿಲ್ಲಿಸುವುದನ್ನು ಬಿಟ್ಟು ಒದ್ದೆ ಗೋಣಿ ಹೊದಿಸುತ್ತೇವೆ. ಡ್ರಮ್ಮು, ಟ್ಯಾಂಕುಗಳಿಗೆ ಬಲೆ ಕಟ್ಟಿ ಮುಚ್ಚಳ. ಲಿಫ್ಟಿನ ಗುಂಡಿಯನ್ನು ಪ್ರತಿ ಶನಿವಾರ ನಾನೇ ಇಳಿದು ನೋಡುತ್ತೇನೆ. ಕೆಲಸದವರು ಶೆಡ್ಡಿನಲ್ಲಿ ಮಲಗುವವರು, ಮೊದಲು ಕಚ್ಚಿಸಿಕೊಳ್ಳುವುದು ಅವರೇ. ಎಲ್ಲರಿಗೂ ಸೊಳ್ಳೆಪರದೆ ಕೊಟ್ಟಿದ್ದೇವೆ. ಯಾರಿಗೆ ಜ್ವರ ಬಂದರೂ ಅವತ್ತೇ ರಕ್ತ ಪರೀಕ್ಷೆ.

ಜುಲೈ ಕೊನೆ: ತುಳುವರ ಆಟಿ ತಿಂಗಳ ಎರಡನೇ ವಾರ

ಮೂರು ದಿನದಿಂದ ಬಿಡದೆ ಮಳೆ. ಮಧ್ಯದ ಮೆಟ್ಟಿಲಿನಲ್ಲಿ ಒಂದು ಕಡೆ ಎರಡು ಗೂಟ ಕಿತ್ತು ಬಲೆ ಜೋಲಿತ್ತು, ಅದರ ಅಡಿಯಲ್ಲಿ ಬೊಗಸೆಯಷ್ಟು ಮಣ್ಣು ಕೊರೆದಿತ್ತು. ಅಲ್ಲಿಗೆ ಜಲ್ಲಿ ತುಂಬಿ, ಉದ್ದದ ಗೂಟ ಹೊಡೆಸಿದೆ. ಲಾವಂಚದ ನೂರಿಪ್ಪತ್ತು ಸಸಿಯಲ್ಲಿ ಹದಿನಾಲ್ಕು ಸತ್ತಿವೆ, ಬದಲಿ ನೆಡಬೇಕು. ಹೊಂಡದಲ್ಲಿ ಒಂದು ಅಡಿ ಕೆಸರು ತುಂಬಿದೆ, ಮಳೆ ಬಿಟ್ಟ ಕೂಡಲೇ ಎತ್ತಿಸಬೇಕು.

ಹೊಂಡದಿಂದ ಹೊರಗೆ ಹೋಗುವ ನೀರನ್ನು ಬಾಟಲಿಯಲ್ಲಿ ಹಿಡಿದು ನೋಡಿದೆ. ಹಿಂದೆ ಹಿಡಿದ ದಿನಪತ್ರಿಕೆಯ ದಪ್ಪ ಅಕ್ಷರ ಓದಬಹುದು, ಸಣ್ಣ ಅಕ್ಷರ ಇನ್ನೂ ಇಲ್ಲ. ಹಿಂತಿರುಗುವಾಗ ಕೆಳಗಿನ ಮನೆಯ ಅಮ್ಮ ಕರೆದು ಕೊಡಪಾನ ತೋರಿಸಿದರು. ತಳದ ಹಿತ್ತಾಳೆ ಹೊಳೆಯುತ್ತಿತ್ತು. ಒಳಗೆ ಕೂರಿಸಿ, ಅದೇ ನೀರಿನಲ್ಲಿ ಮಾಡಿದ ಚಹಾ ಕೊಟ್ಟರು.